ಗಣಕದ ಕಾರ್ಯಾಚರಣ ವ್ಯವಸ್ಥೆಯ ಪಲ್ಲಟ ಮತ್ತು ಸಗರನಾಡಿನ ಊರಹೆಸರುಗಳು

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಗಣಕಯಂತ್ರವನ್ನು ಕುರಿತ ಲೇಖನಕ್ಕೆ ಎಡೆಯೆಲ್ಲಿ ಎಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ಪ್ರಶ್ನೆ ಸಹಜವಾದದ್ದೇ. ಆದರೆ ಯಾದಗಿರಿ, ಶಹಾಪುರ, ಸುರಪುರಗಳ ಇತಿಹಾಸಕ್ಕಾಗಿ ಈಚಿನ ವರ್ಷಗಳಲ್ಲಿ ಕೂಡಿಹಾಕಿದ ಸಾಮಗ್ರಿಯನ್ನು ನೋಡಿರಿ. ಊರಹೆಸರುಗಳ ಪಟ್ಟಿ, ಶಾಸನಗಳ ನಕಲು, ಹಿರಿಯರ ಬಾಯಿಂದ ಕೇಳಿ ಬರೆದುಕೊಂಡ ಹೇಳಿಕೆ, ಪ್ರಬಂಧಗಳ ಕರಡು, ಇವುಗಳ ಬಹುಭಾಗವು ಇಂದು ಇರುವುದು ಕಾಗದದ ಮೇಲಲ್ಲ, ಗಣಕದ ಕಡತಗಳಲ್ಲಿ. ಹೇಳಿಕೆ ಕೊಟ್ಟ ಹಿರಿಯರಲ್ಲಿ ಅನೇಕರು ಈಗ ಇಲ್ಲ. ಹೀಗಿರಲಾಗಿ, ಆ ಕಡತಗಳನ್ನು ತೆರೆದು ಓದುವ ಯಂತ್ರದ ವ್ಯವಸ್ಥೆಯೇ ಬದಲಾದರೆ ಅವುಗಳ ಗತಿಯೇನು ಎಂಬುದು ಇತಿಹಾಸಕಾರನು ಬೇರೆಯವರಿಗೆ ಬಿಟ್ಟುಕೊಡತಕ್ಕ ಪ್ರಶ್ನೆಯಲ್ಲ.

ಪ್ರಕೃತ ವಿಚಾರಕ್ಕೆ ತತ್‌ಕ್ಷಣದ ಕಾರಣವು ಸುಪರಿಚಿತವಾದದ್ದು. ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ಸಾಮಾನ್ಯವಾಗಿ ಒದಗಿಸುತ್ತಿದ್ದ ರಕ್ಷಣಾ ಪರಿಷ್ಕರಣಗಳು 2025ರ ಅಕ್ಟೋಬರ್ 14ಕ್ಕೆ ಮುಗಿದುವು. ಅದರ ಮುಂದಿನದಾದ ವಿಂಡೋಸ್ 11 ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕವನ್ನು ಅಪೇಕ್ಷಿಸುತ್ತದೆಯಾದ ಕಾರಣ, ಇನ್ನೂ ಚೆನ್ನಾಗಿ ನಡೆಯುವ ಹಳೆಯ ಯಂತ್ರಗಳು ಎಷ್ಟೋ ಅದಕ್ಕೆ ಒದಗುವುದಿಲ್ಲ. ಹೊಸ ಯಂತ್ರವನ್ನು ಕೊಳ್ಳುವುದು ಒಂದು ದಾರಿ. ಇದ್ದ ಯಂತ್ರದಲ್ಲಿಯೇ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯನ್ನು ನೆಲೆಗೊಳಿಸುವುದು ಇನ್ನೊಂದು. ನಾವು ಎರಡನೆಯದನ್ನು ಹಿಡಿದೆವು. ಊರಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದಕ್ಕೂ ಫಸಲಿ ವರ್ಷಗಳನ್ನು ಕ್ರಿಸ್ತಶಕಕ್ಕೆ ಹೊಂದಿಸುವುದಕ್ಕೂ ಪೈಥಾನ್ ಭಾಷೆಯಲ್ಲಿ ನಾವು ಬರೆದುಕೊಂಡಿದ್ದ ಸಣ್ಣ ಕ್ರಮವಿಧಿಗಳೂ ಹಳೆಯ ಮನೆಯಿಂದ ಹೊಸ ಮನೆಗೆ ಹೋಗಬೇಕಾಯಿತು.

ಕಾರ್ಯಾಚರಣ ವ್ಯವಸ್ಥೆ ಎಂದರೇನು ಎಂಬುದನ್ನು ನಮ್ಮ ಸೀಮೆಯ ಮಾತಿನಲ್ಲಿಯೇ ಹೇಳಬಹುದು. ಹಿಂದಿನ ಹೈದರಾಬಾದು ಸಂಸ್ಥಾನದ ತಹಶೀಲು ಕಛೇರಿಯಲ್ಲಿ ಪೇಷ್ಕಾರನೆಂಬ ಅಧಿಕಾರಿಯಿದ್ದನು. ಯಾರ ಅರ್ಜಿ ಮೊದಲು ಸಾಹೇಬರ ಮುಂದೆ ಹೋಗಬೇಕು, ಯಾವ ಕಾಗದ ಯಾವ ಗಂಟಿನಲ್ಲಿದೆ, ಯಾರಿಗೆ ಅದನ್ನು ನೋಡುವ ಹಕ್ಕಿದೆ ಎಂಬುದೆಲ್ಲ ಅವನ ಕೈಯಲ್ಲಿ. ಗಣಕದಲ್ಲಿ ಕಾರ್ಯಾಚರಣ ವ್ಯವಸ್ಥೆಯು ಇಂಥ ಪೇಷ್ಕಾರ. ನಾವು ಬರೆಯುವ ಕ್ರಮವಿಧಿಯು ಅರ್ಜಿದಾರ. ಪೇಷ್ಕಾರನು ಬದಲಾದೊಡನೆ ಅರ್ಜಿಯ ತಿರುಳು ಬದಲಾಗುವುದಿಲ್ಲವಾದರೂ ಅದನ್ನು ಬರೆಯಬೇಕಾದ ರೀತಿ ಬದಲಾಗುತ್ತದೆ.

ಲಿನಕ್ಸಿನ ಹುಟ್ಟನ್ನು ಎರಡು ಮಾತಿನಲ್ಲಿ ಹೇಳಿದರೆ ಸಾಕು. ಎಲ್ಲರೂ ನೋಡಿ ತಿದ್ದಿ ಹಂಚಿಕೊಳ್ಳಬಹುದಾದ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು 1983ರಲ್ಲಿ ಸಾರಿದರು. ಅದಕ್ಕೆ ಬೇಕಾಗಿದ್ದ ತಿರುಳನ್ನು ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದರು. ಕನ್ನಡಿಗರಿಗೆ ಇದು ಅಪರಿಚಿತವೆಂದು ಭಾವಿಸಬೇಕಾಗಿಲ್ಲ. ಕೇರಳ ಸರ್ಕಾರವು 2001ರಲ್ಲಿ ಆರಂಭಿಸಿದ ಐ.ಟಿ. ಅಟ್ ಸ್ಕೂಲ್ ಯೋಜನೆಯು ಆ ದಶಕ ಮುಗಿಯುವ ಮೊದಲೇ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನು ನೆಲೆಗೊಳಿಸಿದ್ದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸಿನಲ್ಲಿಯೇ ಗಣಕವನ್ನು ಕಲಿತರು. ರಾಜ್ಯದ ಹೊರಗಿನ ಕನ್ನಡ ಮಕ್ಕಳಿಗೆ ಪ್ರೌಢಶಾಲೆಯಲ್ಲಿ ದೊರೆತದ್ದನ್ನು ನಾವು ಅಧ್ಯಾಪಕರಾದ ಮೇಲೆ ಕಲಿಯುತ್ತಿದ್ದೇವೆಂಬುದು ಬೇರೆ ಮಾತು.

ಕ್ರಮವಿಧಿ ಬರೆಯುವವನಿಗೆ ಮೊದಲು ಎದುರಾಗುವ ವ್ಯತ್ಯಾಸಗಳು ಚಿಲ್ಲರೆಯಾಗಿ ಕಂಡರೂ ಕೆಲಸವನ್ನು ನಿಲ್ಲಿಸಬಲ್ಲವು. ಕಡತದ ದಾರಿಯನ್ನು ಸೂಚಿಸುವ ಓರೆಗೆರೆಯು ವಿಂಡೋಸಿನಲ್ಲಿ ಒಂದು ಕಡೆಗೆ ವಾಲಿದರೆ ಇಲ್ಲಿ ಇನ್ನೊಂದು ಕಡೆಗೆ ವಾಲುತ್ತದೆ. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳಿಂದ ಬರೆದ ಎರಡು ಹೆಸರುಗಳು ಅಲ್ಲಿ ಒಂದೇ ಕಡತವಾದರೆ ಇಲ್ಲಿ ಎರಡು. ಪ್ರತಿಯೊಂದು ಸಾಲಿನ ಕೊನೆಯಲ್ಲಿ ವಿಂಡೋಸ್ ಎರಡು ಗುರುತುಗಳನ್ನಿಡುತ್ತದೆ; ಬೆರಳಚ್ಚು ಯಂತ್ರದಲ್ಲಿ ಗಾಡಿಯನ್ನು ಹಿಂದಕ್ಕೆ ತಳ್ಳಿ ಬಳಿಕ ಕಾಗದವನ್ನು ಮೇಲಕ್ಕೆ ಸರಿಸುತ್ತಿದ್ದ ಎರಡು ಕೆಲಸಗಳ ನೆನಪು ಅದು. ಲಿನಕ್ಸಿಗೆ ಒಂದೇ ಗುರುತು ಸಾಕು. ಅಲ್ಲಿಂದ ತಂದ ಕ್ರಮವಿಧಿಯು ಇಲ್ಲಿ ಮೊದಲನೆಯ ಸಾಲಿನಲ್ಲಿಯೇ ಮುಗ್ಗರಿಸಿದರೆ, ಕಣ್ಣಿಗೆ ಕಾಣದೆ ಉಳಿದ ಆ ಹೆಚ್ಚಿನ ಗುರುತೇ ಬಹುಮಟ್ಟಿಗೆ ಕಾರಣವಾಗಿರುತ್ತದೆ. ಇವುಗಳಿಗೆಲ್ಲ ಪರಿಹಾರವು ಅರ್ಧ ದಿನದ ಕೆಲಸ. ನಿಜವಾದ ಕಷ್ಟವಿರುವುದು ಅಕ್ಷರದಲ್ಲಿ.

ಗಣಕವು ಅಕ್ಷರವನ್ನು ಅರಿಯದು, ಸಂಖ್ಯೆಯನ್ನು ಮಾತ್ರ ಅರಿಯುತ್ತದೆ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಒಪ್ಪಂದವೇ ಸಂಕೇತವಿಧಾನ. 1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಒಪ್ಪಂದದಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ಓಣಿಯಿದೆ. ಆದರೆ ಶೇಷಾದ್ರಿ ವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮೊದಲಾದ ತಂತ್ರಾಂಶಗಳು ನಮ್ಮ ಊರುಗಳ ಡಿ.ಟಿ.ಪಿ. ಅಂಗಡಿಗಳಿಗೆ ಬಂದಾಗ ಆ ಓಣಿಯು ಬಳಕೆಯಲ್ಲಿ ಇನ್ನೂ ಗಟ್ಟಿಯಾಗಿರಲಿಲ್ಲ. ಆದಕಾರಣ ಅವು ಇಂಗ್ಲಿಷ್ ಮೊದಲಾದ ಐರೋಪ್ಯ ಅಕ್ಷರಗಳ ಸ್ಥಾನಗಳಲ್ಲಿಯೇ ಕನ್ನಡದ ತುಂಡುಗಳನ್ನು ಕೂಡಿಸಿದುವು. ಆ ಕಾಲಕ್ಕೆ ಅದು ಅತ್ಯಂತ ಉಪಯುಕ್ತವಾದ ಏರ್ಪಾಡು. ಕಲ್ಯಾಣ ಕರ್ನಾಟಕದ ಸಣ್ಣ ಊರುಗಳಲ್ಲಿಯೂ ಕನ್ನಡ ಅಚ್ಚಾದದ್ದು ಅದರ ಉಪಕಾರದಿಂದ. ನುಡಿಯ ಈಚಿನ ಆವೃತ್ತಿಗಳು ಯೂನಿಕೋಡಿನಲ್ಲಿಯೂ ಬರೆಯಬಲ್ಲವು. ಪ್ರಶ್ನೆಯಿರುವುದು ಹಳೆಯ ಕಡತಗಳದ್ದು.

ನುಡಿಯ ಹಳೆಯ ಪದ್ಧತಿಯಲ್ಲಿ ಕಕಾರವೆಂದರೆ ಇಂಗ್ಲಿಷಿನ ದೊಡ್ಡ ಪಿ ಅಕ್ಷರ, ಅದರ ಬೆನ್ನಿಗೆ ನೆತ್ತಿಯ ಮೇಲೆ ಗೆರೆ ಹೊತ್ತ ಒಂದು ಎ ಅಕ್ಷರ. ‘ಕನ್ನಡ’ ಎಂಬ ಮಾತು ಏಳು ಸಂಕೇತಗಳಾಗುತ್ತದೆ. ಯೂನಿಕೋಡಿನಲ್ಲಿ ಅದೇ ಮಾತು ಕ, ನ, ವಿರಾಮ, ನ, ಡ ಎಂದು ಐದು. ನುಡಿಯ ಅಕ್ಷರಶೈಲಿಯು ಯಂತ್ರದಲ್ಲಿದ್ದರೆ ಪುಟವು ಕನ್ನಡವಾಗಿ ಕಾಣುತ್ತದೆ. ಅದನ್ನು ತೆಗೆದೊಡನೆ ಅರ್ಥವಿಲ್ಲದ ಐರೋಪ್ಯ ಅಕ್ಷರಗಳ ರಾಶಿ. ಅದೇ ಅಕ್ಷರಶೈಲಿಯನ್ನು ಲಿನಕ್ಸಿನಲ್ಲಿಯೂ ಸ್ಥಾಪಿಸಿಕೊಂಡು ಓದಬಹುದಲ್ಲವೆ ಎಂದರೆ, ಓದಬಹುದು. ಆದರೆ ಅದು ಕಣ್ಣಿಗೆ ಒಪ್ಪುವ ವೇಷ ಮಾತ್ರ. ಕ್ರಮವಿಧಿಗೆ ಕಣ್ಣಿಲ್ಲ.

ಇದರ ಪರಿಣಾಮವನ್ನು ನಮ್ಮ ಮೂರು ಊರುಗಳ ಹೆಸರಿನಿಂದಲೇ ತೋರಿಸಬಹುದು. ನುಡಿಯಲ್ಲಿ ಸೊನ್ನೆಗೆ ಇಂಗ್ಲಿಷಿನ ಮೊದಲ ದೊಡ್ಡಕ್ಷರವಾದ ಎ ಸಂಕೇತ. ಯಕಾರದ ಬರವಣಿಗೆಯೂ ಸೊನ್ನೆಯಂಥ ದುಂಡಿನಿಂದಲೇ ಮೊದಲಾಗುವುದರಿಂದ ಅದಕ್ಕೂ ಮೊದಲ ಸಂಕೇತ ಅದೇ. ಅಕಾರಕ್ಕೆ ಸಿ ಎಂಬ ಅಕ್ಷರ. ಹೀಗಾಗಿ ಊರುಗಳನ್ನು ಸಂಕೇತಾನುಕ್ರಮದಲ್ಲಿ ಜೋಡಿಸಿದರೆ ಯಾದಗಿರಿಯು ಅಕಾರದ ಊರುಗಳೆಲ್ಲಕ್ಕಿಂತ ಮೊದಲು ಬಂದು ಕೂಡುತ್ತದೆ! ಸೊನ್ನೆಯುಳ್ಳ ಹೆಸರುಗಳನ್ನು ಹುಡುಕಿದರೆ ಯಕಾರದವೂ ಜೊತೆಗೆ ಬರುತ್ತವೆ. ಯೂನಿಕೋಡಿಗೆ ಬಂದ ಮೇಲೆ ಈ ಅಸ್ತವ್ಯಸ್ತವು ಬಹುಮಟ್ಟಿಗೆ ತೊಲಗುತ್ತದೆಯಾದರೂ ಪೂರ್ತಿಯಾಗಿ ಅಲ್ಲ. ಆ ಓಣಿಯಲ್ಲಿ ಳಕಾರವನ್ನು ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮೊದಲು ಇಟ್ಟಿದ್ದಾರೆ. ನಮ್ಮ ಕೋಶಗಳ ಸಂಪ್ರದಾಯದಲ್ಲಿ ಅದು ಹಕಾರದ ಬಳಿಕ ಬರತಕ್ಕದ್ದು. ಆದ್ದರಿಂದ ಬರಿಯ ಸಂಖ್ಯೆಯ ಕ್ರಮವನ್ನು ನಂಬದೆ ಕನ್ನಡದ ಅನುಕ್ರಮವನ್ನು ಕ್ರಮವಿಧಿಗೆ ಬೇರೆಯಾಗಿ ತಿಳಿಸಬೇಕಾಗುತ್ತದೆ.

ಸುರಪುರದ ವಿಷಯ ಇನ್ನೂ ಸ್ವಾರಸ್ಯವಾದದ್ದು. 1841ರಿಂದ ಸುಮಾರು ಹನ್ನೆರಡು ವರ್ಷ ಅಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರನ ಕಾಲದಿಂದಲೂ ಇಂಗ್ಲಿಷ್ ದಾಖಲೆಗಳಲ್ಲಿ ಆ ಊರು ‘ಶೋರಾಪುರ’. ರಾಜಾ ವೆಂಕಟಪ್ಪನಾಯಕನ 1858ರ ಬಂಡಾಯವನ್ನು ಕುರಿತು ಹುಡುಕುವವನು ಎರಡು ಹೆಸರುಗಳನ್ನೂ ಹುಡುಕಲೇಬೇಕು. ಈಗ ‘ಶೋ’ ಎಂಬ ಅಕ್ಷರದ ಓತ್ವವನ್ನು ನೋಡಿರಿ: ಅದನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂಬ ಮೂರು ತುಂಡುಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಯಂತ್ರಕ್ಕೆ ಎರಡೂ ಬೇರೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಕ್ಕುವುದಿಲ್ಲ. ಒಂದೇ ಹೆಸರಿನಂತೆ ತೋರುವ ಎರಡು ಕಡತಗಳು ಅಕ್ಕಪಕ್ಕದಲ್ಲಿರಬಹುದು. ‘ಯಾದ್‌ಗೀರ್’ ಎಂದು ಆಡುಮಾತಿನಂತೆ ಬರೆಯಹೊರಟರೆ ದಕಾರಕ್ಕೆ ಗಕಾರವು ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದನ್ನು ಇಡಬೇಕಾಗುತ್ತದೆ. ಅದನ್ನು ಒಬ್ಬರು ಇಡುತ್ತಾರೆ, ಒಬ್ಬರು ಮರೆಯುತ್ತಾರೆ. ಆದಕಾರಣ ಪಟ್ಟಿಯನ್ನು ಜೋಡಿಸುವ ಮೊದಲು ಎಲ್ಲ ಹೆಸರುಗಳನ್ನೂ ಏಕರೂಪಕ್ಕೆ ತರುವ ಹಂತವನ್ನು ಕ್ರಮವಿಧಿಯಲ್ಲಿ ಸೇರಿಸಿಕೊಳ್ಳುವುದು ಅವಶ್ಯಕ.

ಇಲ್ಲಿ ಲಿನಕ್ಸಿನಿಂದ ಒಂದು ಅನುಕೂಲವಿದೆಯೆಂಬುದನ್ನು ಹೇಳಬೇಕು. ಯೂನಿಕೋಡಿನ ಬರಹವನ್ನು ಅದು ಎಲ್ಲೆಡೆಯೂ ಯು.ಟಿ.ಎಫ್. 8 ಎಂಬ ರೂಪದಲ್ಲಿಡುತ್ತದೆ. ಪ್ರತಿಯೊಂದು ಕನ್ನಡ ಸಂಕೇತಕ್ಕೆ ಮೂರು ಬೈಟುಗಳಂತೆ ‘ಸುರಪುರ’ ಎಂಬುದು 18 ಬೈಟು, ‘ಯಾದಗಿರಿ’ 21. ವಿಂಡೋಸಿನಲ್ಲಿ ಕಡತದ ಸಂಕೇತವನ್ನು ಕ್ರಮವಿಧಿಯಲ್ಲಿ ಸ್ಪಷ್ಟವಾಗಿ ನಮೂದಿಸದೆ ಬಿಟ್ಟರೆ ಪೈಥಾನ್ ಅನೇಕ ವೇಳೆ ಹಳೆಯ ಐರೋಪ್ಯ ಸಂಕೇತವನ್ನೇ ಹಿಡಿದು, ಕನ್ನಡ ಬಂದೊಡನೆ ದೋಷವನ್ನು ಸಾರಿ ನಿಲ್ಲುತ್ತಿತ್ತು. ಎರಡು ಕಡೆಯೂ ನಡೆಯಬೇಕಾದ ಕ್ರಮವಿಧಿಯಲ್ಲಿ ಆ ನಮೂದನ್ನು ಮಾಡುವುದೇ ಲೇಸು. ಇನ್ನು ಕೀಲಿಮಣೆ: ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಿಂದ ನಮಗೆಲ್ಲ ಅಭ್ಯಾಸವಾದ ವಿನ್ಯಾಸವು ಲಿನಕ್ಸಿನಲ್ಲಿ ‘ಕಗಪ’ ಎಂಬ ಹೆಸರಿನಿಂದಲೇ ಸಿದ್ಧವಾಗಿದೆ. ಬೆರಳುಗಳು ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ.

ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಮುಕ್ತವಾಗಿ ದೊರೆಯುತ್ತವೆ. ಅವು ಮಾಡುವ ಕೆಲಸವು ಬರಿಯ ಬದಲಿಯಲ್ಲ. ‘ಕರ್ನಾಟಕ’ ಎಂಬ ಮಾತಿನಲ್ಲಿ ರೇಫವನ್ನು ನಾವು ಉಚ್ಚರಿಸುವುದು ನಕಾರಕ್ಕಿಂತ ಮೊದಲು. ಬರೆಯುವುದು ಅದರ ಬಳಿಕ, ಅರ್ಕಾವತ್ತಾಗಿ. ನುಡಿಯು ಬರವಣಿಗೆಯ ಕ್ರಮವನ್ನು ಹಿಡಿಯುತ್ತದೆ, ಯೂನಿಕೋಡು ಉಚ್ಚಾರಣೆಯದನ್ನು. ಪರಿವರ್ತಕವು ಅರ್ಕಾವತ್ತನ್ನು ಹಿಂದಕ್ಕೆ ಸಾಗಿಸಿ ಸರಿಯಾದ ಅಕ್ಷರದ ಮುಂದೆ ನಿಲ್ಲಿಸಬೇಕು. ಇನ್ನೊಂದು ಅಪಾಯವು ಇತಿಹಾಸದ ಬರಹಗಳಿಗೆ ವಿಶೇಷವಾಗಿ ಅಂಟಿಕೊಂಡದ್ದು. ನಮ್ಮ ಪ್ರಬಂಧಗಳಲ್ಲಿ ಕನ್ನಡದ ನಡುವೆ ಇಂಗ್ಲಿಷಿನ ಉದ್ಧರಣೆಗಳು ಬರುತ್ತವೆ. ಎರಡೂ ಒಂದೇ ಸಂಕೇತಗಳಲ್ಲಿರುವುದರಿಂದ ಯಾವುದು ಯಾವ ಭಾಷೆಯೆಂಬುದನ್ನು ತಿಳಿಸುವ ಗುರುತು ಅಕ್ಷರಶೈಲಿಯ ಹೆಸರೊಂದೇ. ಕಡತವನ್ನು ಅವಸರದಿಂದ ಸರಳ ಪಠ್ಯವಾಗಿ ಉಳಿಸಿದರೆ ಆ ಗುರುತು ಅಳಿದುಹೋಗುತ್ತದೆ. ಬಳಿಕ ಪರಿವರ್ತಕವು ಟೇಲರನ ಇಂಗ್ಲಿಷನ್ನೂ ಕನ್ನಡವೆಂದೇ ತಿಳಿದು ಅಕ್ಷರಗಳ ಹುಚ್ಚುರಾಶಿಯನ್ನಾಗಿ ಮಾಡುತ್ತದೆ. ಮೂಲ ಕಡತವನ್ನು ಮುಟ್ಟದೆ, ಅದರ ನಕಲಿನ ಮೇಲೆ, ಅಕ್ಷರಶೈಲಿಯ ಗುರುತು ಇರುವಾಗಲೇ ಪರಿವರ್ತನೆ ನಡೆಯಬೇಕು.

ಇದೆಲ್ಲವೂ ಈ ಸೀಮೆಗೆ ಹೊಸದಲ್ಲವೆಂದು ನಮಗೆ ತೋರುತ್ತದೆ. 1860ರ ಬಳಿಕ ಸುರಪುರವು ನಿಜಾಮನ ಆಡಳಿತಕ್ಕೆ ಸೇರಿತು. 1880ರ ದಶಕದಲ್ಲಿ ಆ ಸಂಸ್ಥಾನದ ಕಛೇರಿಭಾಷೆ ಪಾರಸಿಯಿಂದ ಉರ್ದುವಿಗೆ ಹೊರಳಿತು. 1948ರಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದ ಮೇಲೆ ಅವೇ ಊರುಗಳ ಹೆಸರನ್ನು ಕನ್ನಡದಲ್ಲಿ ಬರೆಯಬೇಕಾಯಿತು. ಉರ್ದುವಿನ ಬರವಣಿಗೆಯಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಳಕಾರ, ಣಕಾರಗಳಿಗೆ ಅಲ್ಲಿ ನೆಲೆಯಿಲ್ಲ. ಹಾಗೆ ಬರೆದ ಹಳ್ಳಿಯ ಹೆಸರನ್ನು ಸರಿಯಾಗಿ ಓದಬಲ್ಲವನು ಆ ಹಳ್ಳಿಯನ್ನು ಬಲ್ಲವನು ಮಾತ್ರ. ಲಿಪಿ ತಿಳಿದಿದ್ದು ಊರು ತಿಳಿಯದವನ ಕೈಯಲ್ಲಿ ಹಳ್ಳಿಯೊಂದು ‘ಹಲ್ಲಿ’ಯಾಗಬಹುದು. ಯಂತ್ರಪರಿವರ್ತಕದ ಸ್ಥಿತಿಯೂ ಹೀಗೆಯೇ. ಅದು ಲಿಪಿಯನ್ನು ಬಲ್ಲದು, ಊರನ್ನು ಬಲ್ಲದು ಎನ್ನಲಾಗದು.

ಆದ್ದರಿಂದ ವ್ಯವಸ್ಥೆಯನ್ನು ಬದಲಿಸಲು ಯೋಚಿಸುತ್ತಿರುವ ಸಂಶೋಧಕ ಮಿತ್ರರಿಗೆ ನಮ್ಮ ಅಭಿಪ್ರಾಯವಿಷ್ಟು. ಲಿನಕ್ಸು ಉಚಿತವೆಂಬುದಾಗಲಿ ಹೊಸತೆಂಬುದಾಗಲಿ ಬದಲಿಸಲು ಸಾಕಾದ ಕಾರಣವಲ್ಲ. ವಿಂಡೋಸಿನಲ್ಲಿಯೇ ಉಳಿಯುವವರೂ ಹಳೆಯ ಕಡತಗಳ ಪರಿವರ್ತನೆಯನ್ನು ಮುಂದೂಡುವಂತಿಲ್ಲ, ಏಕೆಂದರೆ ಹಳೆಯ ನುಡಿಯ ಪುಟವು ಅಲ್ಲಿಯೂ ವೇಷದ ಪುಟವೇ. ವ್ಯವಸ್ಥೆಯ ಪಲ್ಲಟವು ಈ ಕೆಲಸವನ್ನು ಹುಟ್ಟಿಸಿದ್ದಲ್ಲ, ತಡೆಯಲಾರದಂತೆ ಮಾಡಿದ್ದು. ಹಳೆಯ ಯಂತ್ರವು ನಡೆಯುತ್ತಿರುವಾಗಲೇ ಅದರಲ್ಲಿ ತೆರೆದ ಪುಟವನ್ನು ಕಾಗದದ ಮೇಲೆ ಮುದ್ರಿಸಿಕೊಂಡು, ಹೊಸ ಯಂತ್ರದಲ್ಲಿನ ಪರಿವರ್ತಿತ ಪುಟದೊಡನೆ ಸಾಲು ಸಾಲಾಗಿ ತಾಳೆ ನೋಡುವುದು ಉಚಿತ.

ನಮ್ಮ ಊರಹೆಸರುಗಳ ಪಟ್ಟಿಯಲ್ಲಿ ಯಾದಗಿರಿ ಮತ್ತು ಶಹಾಪುರದ ಭಾಗಗಳ ತಾಳೆ ಮುಗಿದಿದೆ. ಸುರಪುರದ ಭಾಗವನ್ನು, ಅಂದರೆ ಈಗ ಪ್ರತ್ಯೇಕ ತಾಲ್ಲೂಕಾಗಿರುವ ಹುಣಸಗಿಯನ್ನೂ ಒಳಗೊಂಡ ಹಳೆಯ ಸುರಪುರವನ್ನು, ಈ ವರ್ಷ ಕೈಗೆತ್ತಿಕೊಂಡಿದ್ದೇವೆ. ಸಂದೇಹಕ್ಕೆಡೆಯಾದ ಹೆಸರುಗಳನ್ನು ಬೇರೊಂದು ಹಾಳೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ, ಆಯಾ ಊರಿನ ವಿದ್ಯಾರ್ಥಿಗಳ ಕೈಯಲ್ಲಿ ಕೊಟ್ಟು, ಮನೆಯ ಹಿರಿಯರಿಂದ ಓದಿಸಿಕೊಂಡು ತರಲು ತಿಳಿಸಿದೆ.