ಹನ್ನೆರಡು ಮಂದಿ, ಎರಡು ದಿನ, ನೀರಲ್ಲಿ 45 ನಿಮಿಷ: ಹುಬ್ಬಳ್ಳಿಯಿಂದ ಕಡಲಿಗೆ ಹೋಗುವವರ ಖರ್ಚಿನ ಲೆಕ್ಕ

ಹುಬ್ಬಳ್ಳಿ-ಧಾರವಾಡದ ಮಂದಿಗೆ ಕಡಲು ದೂರವೂ ಅಲ್ಲ, ಹತ್ತಿರವೂ ಅಲ್ಲ. ಯಲ್ಲಾಪುರ, ಅರಬೈಲು ಘಾಟಿ ಇಳಿದು ಅಂಕೋಲೆ ಮುಟ್ಟಲು ಸುಮಾರು 135 ಕಿ.ಮೀ. ಧಾರವಾಡ, ರಾಮನಗರ, ಅನಮೋಡ ಘಾಟಿಯ ಹಾದಿಯಲ್ಲಿ ಪಣಜಿಗೆ ಸುಮಾರು 180 ಕಿ.ಮೀ. ಶನಿವಾರ ಹೋಗಿ ಭಾನುವಾರ ರಾತ್ರಿ ಮನೆ ಸೇರುವಷ್ಟೇ ಅಂತರ. ದಸರಾ ಮುಗಿಯುತ್ತಿದ್ದಂತೆ ಕಚೇರಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಮಾತು ಓಡಾಡುತ್ತದೆ: ಬೋಟ್‌ನಲ್ಲಿ ಹಾಡು, ಕುಣಿತ, ಊಟ, ನಡುವೆ ಒಂದಿಷ್ಟು ಸ್ನಾರ್ಕ್ಲಿಂಗ್. ಮುಖಕ್ಕೆ ಕನ್ನಡಿ, ಬಾಯಿಗೆ ಕೊಳವೆ, ನೀರಿನ ಮೇಲೆ ಬೋರಲು ತೇಲುತ್ತ ಕೆಳಗಿನ ಮೀನು ನೋಡುವ ಆಟ ಅದು.

ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆ ‘ಟಿಕೆಟ್ ಎಷ್ಟು?’ ಎಂಬುದೊಂದೇ ಅಲ್ಲ. ನೀರಿನಲ್ಲಿ ಎಷ್ಟು ನಿಮಿಷ, ಬೋಟಿನಲ್ಲಿ ಎಷ್ಟು ತಲೆ ಎಂಬುದನ್ನೂ ಕೇಳಬೇಕು. ಈ ಎರಡು ಅಂಕಿ ಸಿಕ್ಕರೆ ಉಳಿದ ಲೆಕ್ಕ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಎರಡು ದ್ವೀಪ, ಎರಡು ಬಗೆ

ನಮ್ಮ ಕಡೆಯವರಿಗೆ ಮುಖ್ಯವಾಗಿ ಎರಡು ದಾರಿ. ಒಂದು, ಮುರುಡೇಶ್ವರದಿಂದ ನೇತ್ರಾಣಿ. ದಂಡೆಯಿಂದ ಸುಮಾರು 19 ಕಿ.ಮೀ., ಅಂದರೆ 10 ನಾಟಿಕಲ್ ಮೈಲಿ ಒಳಗಿರುವ ಈ ನಡುಗಡ್ಡೆಗೆ ಪಾರಿವಾಳ ದ್ವೀಪ ಎಂಬ ಹೆಸರೂ ಇದೆ. ಒಂದೂವರೆ ಗಂಟೆ ಬೋಟಿನಲ್ಲಿ ಕೂರಬೇಕು. ದೊಡ್ಡ ನದಿಗಳ ಕೆಸರು ಅಷ್ಟು ದೂರ ಮುಟ್ಟದ್ದರಿಂದ ನೀರು ತಿಳಿಯಾಗಿರುತ್ತದೆ. ಒಳ್ಳೆಯ ದಿನ 15 ಮೀಟರ್ ಆಳದವರೆಗೂ ಕಣ್ಣು ಹಾಯುತ್ತದೆ. ಇಲ್ಲಿಗೆ ಬರುವವರು ಮೀನು ಮತ್ತು ಹವಳ ನೋಡಲು ಬರುತ್ತಾರೆ. ಡಿಜೆ, ಮದ್ಯ ಇಲ್ಲಿ ಲೆಕ್ಕಕ್ಕಿಲ್ಲ.

ಇನ್ನೊಂದು, ಗೋವಾದ ಗ್ರಾಂದ್ ದ್ವೀಪ. ಮುರಗಾಂವ್ ಬಂದರಿನ ಆಚೆ ಇರುವ ಇದಕ್ಕೆ ಉತ್ತರ ಗೋವಾದ ಜೆಟ್ಟಿಗಳಿಂದಲೂ ಬೋಟ್ ಹೊರಡುತ್ತದೆ. ಡಾಲ್ಫಿನ್ ದರ್ಶನ, ಗಾಳ ಹಾಕುವುದು, ಹಾಡು, ಊಟ, ‘ಅನ್‌ಲಿಮಿಟೆಡ್’ ಪಾನೀಯ, ಕೊನೆಗೆ ಸ್ನಾರ್ಕ್ಲಿಂಗ್, ಎಲ್ಲ ಒಂದೇ ಟಿಕೆಟ್‌ನಲ್ಲಿ. ಮಾಂಡೋವಿ, ಝುವಾರಿ ಎರಡೂ ನದಿಗಳು ಹತ್ತಿರದಲ್ಲೇ ಸಮುದ್ರ ಸೇರುವುದರಿಂದ ನೀರು ನೇತ್ರಾಣಿಯಷ್ಟು ತಿಳಿಯಲ್ಲ.

ಮಳೆಗಾಲದಲ್ಲಿ ಎರಡೂ ಬಂದ್. ಅಕ್ಟೋಬರ್‌ನಿಂದ ಮೇವರೆಗೆ ದಿನ ಎಣಿಸಿದರೆ 243. ಅದರಲ್ಲಿ ಶನಿವಾರ-ಭಾನುವಾರ ಸುಮಾರು 70. ನೌಕರಿಯವರೆಲ್ಲ ಈ 70 ದಿನಕ್ಕೇ ಮುಗಿಬೀಳುವುದರಿಂದ ದರ ಏರುವುದೂ, ನೂಕುನುಗ್ಗಲಾಗುವುದೂ ಆಗಲೇ. ಬುಧವಾರ ರಜೆ ಹಾಕಿ ಹೋದವರಿಗೆ ರೂಮಿನ ಬಾಡಿಗೆಯಲ್ಲೂ ಬೋಟಿನ ಜಾಗದಲ್ಲೂ ಲಾಭ.

ಗಾಡಿಯ ಗಣಿತ

ಹನ್ನೆರಡು ಮಂದಿಯ ಗುಂಪು, ಒಂದು ಟಿಟಿ (ಟೆಂಪೊ ಟ್ರಾವೆಲರ್), ಒಂದು ರಾತ್ರಿ ವಾಸ್ತವ್ಯ ಎಂದು ಇಟ್ಟುಕೊಳ್ಳೋಣ. ಇಲ್ಲಿ ಕೊಟ್ಟಿರುವ ದರಗಳೆಲ್ಲ ಲೆಕ್ಕಕ್ಕೆಂದು ಹಿಡಿದವು. ನಿಮಗೆ ಸಿಕ್ಕ ದರವನ್ನು ಆಯಾ ಜಾಗದಲ್ಲಿ ಕೂರಿಸಿಕೊಂಡರೆ ನಿಮ್ಮ ಲೆಕ್ಕ ಸಿದ್ಧ.

ಹುಬ್ಬಳ್ಳಿಯಿಂದ ಮುರುಡೇಶ್ವರಕ್ಕೆ ಹೋಗಿ ಬರಲು ಸುಮಾರು 420 ಕಿ.ಮೀ., ಅಲ್ಲಿನ ಓಡಾಟ ಸೇರಿ 450. ಕಿ.ಮೀ.ಗೆ 24 ರೂಪಾಯಿಯಂತೆ 10,800 ಆಗಬೇಕು. ಆದರೆ ಬಿಲ್ಲು ಹಾಗೆ ಬರುವುದಿಲ್ಲ. ಬಾಡಿಗೆ ಗಾಡಿಗೆ ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ. ಎಂಬ ಕರಾರು ಇರುತ್ತದೆ. ಅದು 300 ಆದರೆ ಎರಡು ದಿನಕ್ಕೆ 600 ಕಿ.ಮೀ., 14,400 ರೂಪಾಯಿ. ಓಡದ 150 ಕಿ.ಮೀ.ಗೆ 3,600 ಕೊಟ್ಟಂತಾಯಿತು.

ಇದಕ್ಕಿಂತ ದೊಡ್ಡ ಪೆಟ್ಟು ಹೊರಡುವ ಹೊತ್ತಿನಲ್ಲಿದೆ. ಗಾಡಿಯವರ ದಿನ ಮಧ್ಯರಾತ್ರಿ 12ಕ್ಕೆ ಮುಗಿಯುತ್ತದೆ. ಶುಕ್ರವಾರ ಡ್ಯೂಟಿ ಮುಗಿಸಿ ರಾತ್ರಿ 10ಕ್ಕೆ ಹೊರಟರೆ ಆ ಎರಡು ಗಂಟೆಯೂ ಪೂರ್ತಿ ಒಂದು ದಿನ. 600 ಹೋಗಿ 900 ಕಿ.ಮೀ. ಆಗುತ್ತದೆ, 14,400 ಹೋಗಿ 21,600. ‘ಹನ್ನೆರಡು ಹೊಡದ ಮ್ಯಾಲೆ ಹತ್ರಿ, ಒಂದ್ ದಿನದ್ದ್ ಉಳೀತೈತಿ’ ಎಂದು ಹೇಳುವ ಡ್ರೈವರ್ ಸಿಕ್ಕರೆ ಅವನ ಮಾತು ಕೇಳಿ. ಎರಡು ಗಂಟೆ ಕಾದರೆ 7,200 ರೂಪಾಯಿ ಉಳಿಯುತ್ತದೆ, ತಲಾ 600.

ಬಸ್ಸಿನ ಲೆಕ್ಕ ಇನ್ನೂ ಹಗುರ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್‌ಗಳಲ್ಲಿ ಟಿಕೆಟ್ ಶೂನ್ಯ. ಗುಂಪಿನಲ್ಲಿ ಆರು ಹೆಂಗಸರು, ಆರು ಗಂಡಸರಿದ್ದು, ಒಂದು ಕಡೆಯ ಟಿಕೆಟ್ 300 ಎಂದು ಹಿಡಿದರೆ ಹೋಗಿಬರುವ ಒಟ್ಟು ಖರ್ಚು 3,600. ಕುಮಟಾದಲ್ಲೋ ಹೊನ್ನಾವರದಲ್ಲೋ ಬಸ್ ಬದಲಿಸುವ ತ್ರಾಸು ಇರಬಹುದು. ಗೋವಾಕ್ಕೆ ಈ ಅನುಕೂಲವಿಲ್ಲ, ಯೋಜನೆ ರಾಜ್ಯದೊಳಗಿನ ಪ್ರಯಾಣಕ್ಕೆ ಮಾತ್ರ. ಗೋವಾಕ್ಕೆ ರೈಲುಂಟು: ಧಾರವಾಡ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಘಾಟಿ ಇಳಿಯುವ ಹಳಿ. ನಮ್ಮದೇ ಕರಾವಳಿಗೆ ಹುಬ್ಬಳ್ಳಿಯಿಂದ ನೇರ ಹಳಿಯಿಲ್ಲ. ಸುಮಾರು 164 ಕಿ.ಮೀ. ಉದ್ದದ ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ಎರಡೂವರೆ ದಶಕಕ್ಕೂ ಹೆಚ್ಚು ಕಾಲದಿಂದ ಕಾಡಿನ ಪ್ರಶ್ನೆಯಲ್ಲೇ ನಿಂತಿದೆ.

ತಲಾ ಖರ್ಚು, ಎರಡು ಕಡೆ

ನೇತ್ರಾಣಿ (12 ಮಂದಿ, 2 ದಿನ):
- ಗಾಡಿ 14,400, ಡ್ರೈವರ್ ಬಾಟಾ 1,000, ಟೋಲ್-ಪಾರ್ಕಿಂಗ್ 800: ಒಟ್ಟು 16,200, ತಲಾ 1,350
- ನಾಲ್ಕು ರೂಮು, 2,500ರಂತೆ 10,000: ತಲಾ 833
- ಊಟ-ತಿಂಡಿ: ತಲಾ 1,200
- ಸ್ನಾರ್ಕ್ಲಿಂಗ್ ಬೋಟ್ ಟಿಕೆಟ್: ತಲಾ 2,500
- ಒಟ್ಟು: ತಲಾ 5,883 ರೂ.

ಗೋವಾ (ಅದೇ ಗುಂಪು):
- ಗಾಡಿ 14,400, ಬಾಟಾ 1,000, ಟೋಲ್-ಪರ್ಮಿಟ್-ಪಾರ್ಕಿಂಗ್ 2,000: ಒಟ್ಟು 17,400, ತಲಾ 1,450
- ನಾಲ್ಕು ರೂಮು, 3,500ರಂತೆ 14,000: ತಲಾ 1,167
- ಊಟ-ತಿಂಡಿ (ಒಂದು ಊಟ ಬೋಟಿನಲ್ಲೇ): ತಲಾ 1,000
- ಪಾರ್ಟಿ ಬೋಟ್ ಪ್ಯಾಕೇಜ್: ತಲಾ 1,500
- ಒಟ್ಟು: ತಲಾ 5,117 ರೂ.

ಗೋವಾ 766 ರೂಪಾಯಿ ಅಗ್ಗ ಎಂದು ಇಲ್ಲಿಗೇ ನಿಲ್ಲಿಸಿದರೆ ಲೆಕ್ಕ ಅರ್ಧಕ್ಕೆ ನಿಂತಂತೆ. ನೀರಿನಲ್ಲಿ ಕಳೆಯುವ ಸಮಯವನ್ನು ಸೇರಿಸಿ ನೋಡಿ. ನೇತ್ರಾಣಿಯಲ್ಲಿ ಒಬ್ಬರಿಗೆ 45 ನಿಮಿಷ, ಎಲ್ಲ ಸೇರಿದ ಪಾರ್ಟಿ ಬೋಟಿನಲ್ಲಿ ಸರದಿ ಬಂದಾಗ 20 ನಿಮಿಷ ಸಿಕ್ಕರೆ, ಟಿಕೆಟ್ ಹಣದ ಲೆಕ್ಕದಲ್ಲಿ ನಿಮಿಷಕ್ಕೆ ನೇತ್ರಾಣಿಯಲ್ಲಿ 56 ರೂಪಾಯಿ, ಗೋವಾದಲ್ಲಿ 75. ಇಡೀ ಪ್ರವಾಸದ ಖರ್ಚು ಹಿಡಿದರೆ ನೇತ್ರಾಣಿಯಲ್ಲಿ 131, ಗೋವಾದಲ್ಲಿ 256. ಮೀನು ನೋಡಲೆಂದೇ ಹೊರಟವನಿಗೆ ಅಗ್ಗದ ಟಿಕೆಟ್ ಹೆಚ್ಚುಕಡಿಮೆ ಎರಡು ಪಟ್ಟು ತುಟ್ಟಿ. ಕುಣಿಯಲೆಂದೇ ಹೊರಟವನಿಗೆ ಲೆಕ್ಕ ತಿರುಗುಮುರುಗು: ನೇತ್ರಾಣಿ ಬೋಟಿನ ಮೂರು ಗಂಟೆ ಹೋಗಿಬರುವ ಹಾದಿಯಲ್ಲಿ ಅವನಿಗೆ ಸಿಗುವುದು ಬಿಸಿಲು ಮತ್ತು ತೊನೆದಾಟ.

ಇದರಿಂದ ಒಂದು ಮಾತು ಸ್ಪಷ್ಟ. ಪಾರ್ಟಿ ಮತ್ತು ಸ್ನಾರ್ಕ್ಲಿಂಗ್ ಎರಡು ಬೇರೆ ಸರಕು. ಒಂದೇ ಪೊಟ್ಟಣದಲ್ಲಿ ಕೊಂಡರೆ ಎರಡೂ ಅರ್ಧರ್ಧ. ಹಾಡು-ಕುಣಿತ ಬೇಕಾದವರಿಗೆ ಪಣಜಿಯ ಮಾಂಡೋವಿ ನದಿಯಲ್ಲಿ ಸಂಜೆ ಒಂದು ಗಂಟೆಯ ಕ್ರೂಸ್ ಸಾಕು. ಟಿಕೆಟ್ ಕೆಲವು ನೂರು ರೂಪಾಯಿ, ಅಲೆಯ ಕಾಟವೂ ಇಲ್ಲ.

ನೀರಿನೊಳಗಿನ ಅಂಕಿಗಳು

ಈಜು ಬಾರದಿದ್ದರೂ ಲೈಫ್ ಜಾಕೆಟ್ ಹಾಕಿಕೊಂಡು ಸ್ನಾರ್ಕ್ಲಿಂಗ್ ಮಾಡಬಹುದು. ಒಂದು ಲೀಟರ್ ಸಿಹಿನೀರು 1,000 ಗ್ರಾಂ ತೂಗಿದರೆ ಕಡಲ ನೀರು ಸುಮಾರು 1,025 ಗ್ರಾಂ, ಅದರಲ್ಲಿ 35 ಗ್ರಾಂನಷ್ಟು ಉಪ್ಪು. 60 ಕೆ.ಜಿ.ಯ ಮನುಷ್ಯನನ್ನು ಕಡಲು ಉಣಕಲ್ ಕೆರೆಗಿಂತ ಒಂದೂವರೆ ಕೆ.ಜಿ.ಯಷ್ಟು ಹೆಚ್ಚು ಬಲದಿಂದ ಎತ್ತಿ ಹಿಡಿಯುತ್ತದೆ. ಕನ್ನಡಿಯ ಹಿಂದಿನಿಂದ ನೋಡುವಾಗ 4 ಮೀಟರ್ ದೂರದ ಮೀನು 3 ಮೀಟರ್‌ನಲ್ಲಿದ್ದಂತೆ, ಗಾತ್ರದಲ್ಲಿ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಮೇಲೆ ಬಂದು ‘ಇಷ್ಟುದ್ದ ಇತ್ತು’ ಎಂದು ಕೈ ಅಗಲಿಸುವವರ ಮಾತಿನಿಂದ ಕಾಲು ಭಾಗ ಕಳೆಯಿರಿ.

ಹವಳಕ್ಕೆ ಕೈ ಹಾಕುವ ಹಾಗಿಲ್ಲ. ಬಂಡೆ ಕಟ್ಟುವ ಹವಳಗಳು ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ಮುರಿದು ತಂದರೆ 3ರಿಂದ 7 ವರ್ಷದ ಜೈಲು ಶಿಕ್ಷೆಯ ಅಪರಾಧ.

‘ಅನ್‌ಲಿಮಿಟೆಡ್’ ಎಂಬುದಕ್ಕೂ ಒಂದು ಲೆಕ್ಕವಿದೆ. ಶೇ 5ರ 330 ಮಿ.ಲೀ. ಬಿಯರ್‌ನಲ್ಲಿ ಸುಮಾರು 13 ಗ್ರಾಂ ಆಲ್ಕೋಹಾಲ್ ಇರುತ್ತದೆ. ಶೇ 8ರ 650 ಮಿ.ಲೀ. ‘ಸ್ಟ್ರಾಂಗ್’ ಬಾಟಲಿಯಲ್ಲಿ 41 ಗ್ರಾಂ. ದೇಹ ಗಂಟೆಗೆ ಕರಗಿಸುವುದು ಅಂದಾಜು 7-8 ಗ್ರಾಂ. ಅಂದರೆ ಸಣ್ಣ ಬಾಟಲಿಗೆ ಎರಡು ಗಂಟೆ ಹತ್ತಿರ, ದೊಡ್ಡದಕ್ಕೆ ಐದಾರು ಗಂಟೆ. ಜೆಟ್ಟಿಯಲ್ಲಿ ಶುರು ಮಾಡಿದವನ ಮೈಯಿಂದ ದ್ವೀಪ ಮುಟ್ಟುವ ಹೊತ್ತಿಗೆ ಅದು ಇಳಿದಿರುವುದಿಲ್ಲ. ಆದ್ದರಿಂದ ಮೊದಲು ನೀರು, ಆಮೇಲೆ ಗ್ಲಾಸು. ಈ ಕ್ರಮ ಪಾಲಿಸದ ಬೋಟಿನಲ್ಲಿ ನೀರಿಗಿಳಿಯಬಾರದು. ಊಟದಲ್ಲೂ ಅಷ್ಟೇ. ಬೆಳಿಗ್ಗೆ ಎರಡು ಇಡ್ಲಿ ಸಾಕು, ಮಿರ್ಚಿ-ಗಿರ್ಮಿಟ್ ತಿಂದು ಬೋಟ್ ಹತ್ತಿದವರಿಗೆ ಅರ್ಧ ಗಂಟೆಯಲ್ಲಿ ಸಮುದ್ರ ಪಾಠ ಕಲಿಸುತ್ತದೆ. ವಾಂತಿ ಬರುವವರು ವೈದ್ಯರನ್ನು ಕೇಳಿ ಮಾತ್ರೆಯನ್ನು ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು.

ತಲೆ ಎಣಿಕೆ

ಈ ವ್ಯಾಪಾರದ ಒಳಗುಟ್ಟು ಇಲ್ಲಿದೆ. ಬೋಟು ಹೊರಟ ಮೇಲೆ ಡೀಸೆಲ್, ಚಾಲಕ, ಗೈಡ್ ಎಲ್ಲದರ ಖರ್ಚು ಆಗಲೇ ನಿಗದಿಯಾಗಿರುತ್ತದೆ. 20 ಮಂದಿಯ ಬೋಟಿಗೆ 1,500ರಂತೆ 30,000 ಬರುತ್ತದೆ. ಇನ್ನೈದು ಮಂದಿಯನ್ನು ತುಂಬಿದರೆ 7,500 ಹೆಚ್ಚು, ಅದಕ್ಕೆ ತಗಲುವ ವೆಚ್ಚ ಐದು ಊಟ ಮತ್ತು ಪಾನೀಯ. ಆಸೆ ಹುಟ್ಟುವುದು ಈ ಐದು ಸೀಟಿನಲ್ಲೇ.

ಪರಿಣಾಮವನ್ನು ನಮ್ಮ ಭಾಗ ಕಂಡಿದೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಸಂಬಂಧಿಸಿದ ದೋಣಿ ಮುಳುಗಿ 16 ಮಂದಿ ಸತ್ತರು. ಪಕ್ಕದ ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರು ಅದರಲ್ಲಿದ್ದರು. ಮಿತಿ ಮೀರಿ ಜನ ಹತ್ತಿದ್ದು ಕಾರಣವೆಂದು ಆಗ ಎಲ್ಲೆಡೆ ಕೇಳಿಬಂತು. 2024ರ ಡಿಸೆಂಬರ್ 25ರಂದು ಗೋವಾದ ಕಲಂಗುಟ್ ಬಳಿ ಪ್ರವಾಸಿ ಬೋಟ್ ಮಗುಚಿತು. ಒಬ್ಬರು ಸತ್ತರು, 20 ಮಂದಿಯನ್ನು ಉಳಿಸಲಾಯಿತು. ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಲೈಫ್ ಜಾಕೆಟ್ ಹಾಕಿದ್ದರೆಂದು ವರದಿಯಾಯಿತು. ಒಂದರಲ್ಲಿ 16, ಇನ್ನೊಂದರಲ್ಲಿ 1. ಎರಡು ಅವಘಡಗಳ ಸನ್ನಿವೇಶ ಬೇರೆ ಬೇರೆ, ಆದರೂ ಜಾಕೆಟ್ಟಿನ ಬೆಲೆ ಏನೆಂದು ಎರಡನೆಯದು ಹೇಳುತ್ತದೆ. ಅಪಾಯ ಬೋಟಿನಲ್ಲಷ್ಟೇ ಇಲ್ಲ: ಅದೇ ಡಿಸೆಂಬರ್ 10ರಂದು ಮುರುಡೇಶ್ವರದ ದಂಡೆಯಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ 4 ವಿದ್ಯಾರ್ಥಿನಿಯರು ನೀರುಪಾಲಾದರು. ಅವರು ಬೋಟ್ ಹತ್ತಿಯೇ ಇರಲಿಲ್ಲ.

ಕುಣಿತದ ಬೋಟಿನಲ್ಲಿ ಇನ್ನೊಂದು ತೂಕವಿದೆ. ಡಾಲ್ಫಿನ್ ಕಂಡಿತೆಂದು 60 ಕೆ.ಜಿ.ಯ ಹತ್ತು ಮಂದಿ ಒಂದೇ ಬದಿಗೆ ಓಡಿದರೆ 600 ಕೆ.ಜಿ. ಒಮ್ಮೆಗೇ ಅತ್ತ ವಾಲುತ್ತದೆ. ಮೇಲಿನ ಅಟ್ಟದಲ್ಲಿ ಜನರಿದ್ದರೆ ಆ ವಾಲಾಟ ಇನ್ನೂ ಹೆಚ್ಚು.

ಮುಂಗಡ ಕೊಡುವ ಮುನ್ನ

ಫೋನಿನಲ್ಲೇ ಐದು ಅಂಕಿ ಕೇಳಿ ಬರೆದುಕೊಳ್ಳಿ: ಬೋಟಿಗೆ ಪರವಾನಗಿ ಇರುವುದು ಎಷ್ಟು ಮಂದಿಗೆ, ಆ ದಿನ ಹತ್ತಿಸುವುದು ಎಷ್ಟು ಮಂದಿಯನ್ನು, ಒಬ್ಬರಿಗೆ ನೀರಿನಲ್ಲಿ ಎಷ್ಟು ನಿಮಿಷ, ಒಬ್ಬ ಗೈಡ್‌ಗೆ ಎಷ್ಟು ಮಂದಿ, ಸಮುದ್ರ ಕೆಟ್ಟು ಬೋಟ್ ಹೊರಡದಿದ್ದರೆ ಎಷ್ಟು ಹಣ ವಾಪಸ್. ಜಿಎಸ್‌ಟಿ, ಫೋಟೊ-ವಿಡಿಯೊ ದರದಲ್ಲಿ ಸೇರಿವೆಯೇ ಎಂಬುದನ್ನೂ ಕೇಳಿ. ಒಟ್ಟು ಬಜೆಟ್‌ಗೆ ಶೇ 10 ಸೇರಿಸಿಟ್ಟುಕೊಂಡರೆ ನೇತ್ರಾಣಿಗೆ ತಲಾ 6,500, ಗೋವಾಕ್ಕೆ 5,600 ಕೈಯಲ್ಲಿರಬೇಕು.

ಕೊನೆಗೆ ಚೌಕಾಶಿ. ನಾವು ಬಟ್ಟೆ ಅಂಗಡಿಯಲ್ಲೂ ಕಾಯಿಪಲ್ಲೆ ಸಂತೆಯಲ್ಲೂ ಬೆಲೆ ಇಳಿಸಿ ಹೆಮ್ಮೆಪಡುವ ಮಂದಿ. ಬೋಟಿನಲ್ಲಿ ಆ ಲೆಕ್ಕ ಬೇರೆ. 30,000 ಬೇಕಾದ ಬೋಟಿಗೆ 1,500ರಂತೆ 20 ತಲೆ ಸಾಕು. ನೀವು ಜಗ್ಗಾಡಿ 1,000ಕ್ಕೆ ಇಳಿಸಿದರೆ ಅದೇ ಹಣಕ್ಕೆ 30 ತಲೆ ಬೇಕು. ಹೆಚ್ಚಿನ ಆ ಹತ್ತು ಮಂದಿ ಕೂರುವುದು ನಿಮ್ಮ ಪಕ್ಕದಲ್ಲೇ.