ಎತ್ತಿನ ಗೊರಸಿನ ಕೀವು: ಮರುಕಳಿಸದಂತೆ ತಡೆಯುವುದು ಹೇಗೆ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಹಳ್ಳಿಕಾರ್ ಎತ್ತು ಸಾಕಿರುವ ಬೆಳೆಗಾರರು ಇಂದಿಗೂ ಇದ್ದಾರೆ. ಜೋಡಿಯಲ್ಲಿ ಒಂದು ಕುಂಟಿದರೆ ಎರಡೂ ಕೊಟ್ಟಿಗೆಯಲ್ಲಿ ನಿಲ್ಲಬೇಕು. ಕುಂಟು ವಾಸಿಯಾದಂತಾಗಿ ಮತ್ತೆ ಮತ್ತೆ ಬಂದರೆ ಗೊರಸಿನೊಳಗೆ ಕೀವಿದೆಯೇ ಎಂದು ನೋಡಿಸಬೇಕು.

ಕೆಸರಿನಲ್ಲಿ, ಗಂಜಲ ನಿಂತ ನೆಲದಲ್ಲಿ ಗೊರಸು ಮೆತ್ತಗಾಗುತ್ತದೆ. ಮುಳ್ಳು, ಚೂಪುಗಲ್ಲು ಅಥವಾ ತಪ್ಪಾಗಿ ಹೊಡೆದ ಲಾಳದ ಮೊಳೆ ಒಳಹೊಕ್ಕು ನಂಜಾಗುತ್ತದೆ. ಗಟ್ಟಿ ಗೊರಸಿನಡಿ ಸಿಕ್ಕಿಕೊಂಡ ಕೀವಿಗೆ ಹೊರದಾರಿಯಿಲ್ಲ, ನೋವು ಹೆಚ್ಚು. ಗೊರಸು ಬಿಸಿಯಾಗಿರುತ್ತದೆ, ಒತ್ತಿದರೆ ಎತ್ತು ಕಾಲೆಳೆದುಕೊಳ್ಳುತ್ತದೆ. ಬಾಯಲ್ಲೂ ಗುಳ್ಳೆಯೆದ್ದು ಜೊಲ್ಲು ಸುರಿದರೆ ಕಾಲುಬಾಯಿ ಜ್ವರವಿರಬಹುದು; ಬೇರೆ ಕಟ್ಟಿ ಕೂಡಲೇ ಪಶುವೈದ್ಯರಿಗೆ ತಿಳಿಸಿ.

ಕೀವನ್ನು ವೈದ್ಯರಿಂದಲೇ ತೆಗೆಸಿ. ಮೇಲೆ ಮುಲಾಮು ಸವರಿದರೆ ಒಳಗಿನ ಕೀವು ಹಾಗೆಯೇ ಉಳಿಯುತ್ತದೆ. ತೆಗೆಸಿದ ಮೇಲೂ ಬಿರುಕು, ಉದ್ದ ಬೆಳೆದ ಗೊರಸು, ಒದ್ದೆ ನೆಲ ಇದ್ದಂತೆಯೇ ಇದ್ದರೆ ರೋಗ ಮರಳುವುದು ಖಂಡಿತ. ಆದ್ದರಿಂದ ನಾವು ಹೇಳುವುದಿಷ್ಟು:

1. ಕೆಲಸ ಮುಗಿದೊಡನೆ ಗೊರಸಿನ ಸಂದಿನ ಕಲ್ಲು, ಮಣ್ಣು ತೆಗೆದು ತೊಳೆಯಿರಿ.

2. ಕೊಟ್ಟಿಗೆಯಲ್ಲಿ ಗಂಜಲ ಹರಿದುಹೋಗಲು ಇಳಿಜಾರಿರಲಿ, ನೆಲ ಒಣಗಿರಲಿ.

3. ಬೆಳೆದ ಗೊರಸನ್ನು ತಿಳಿದವರಿಂದ ಕತ್ತರಿಸಿ. ಲಾಳ ಕಟ್ಟಿಸಿದ ಕೆಲವೇ ದಿನದಲ್ಲಿ ಕುಂಟಿದರೆ ಮೊದಲು ಮೊಳೆ ಪರೀಕ್ಷಿಸಿ.

4. ಮಳೆಗಾಲದಲ್ಲಿ ಆಗಾಗ ಲೀಟರ್ ನೀರಿಗೆ 50 ಗ್ರಾಂ ಮೈಲುತುತ್ತ ಬೆರೆಸಿ, ಗಾಯವಿಲ್ಲದ ಗೊರಸನ್ನು ಅದ್ದಿಸಿ. ಸುಣ್ಣ ಬೆರೆತ ಬೋರ್ಡೋ ದ್ರಾವಣ ಇದಕ್ಕಲ್ಲ. ದನ ಕುಡಿಯದಂತೆ ನೋಡಿಕೊಳ್ಳಿ. ಕೆರೆ, ಕಾಲುವೆಗೆ ಚೆಲ್ಲಬೇಡಿ.

ದಿನಕ್ಕೆ ಹತ್ತು ನಿಮಿಷ ಗೊರಸಿಗೆ ಕೊಟ್ಟರೆ, ಉಳುಮೆಯ ಹೊತ್ತಿಗೆ ಜೋಡಿ ಕೈಕೊಡುವುದಿಲ್ಲ.