ಪ್ರೋಗ್ರಾಮಿನ ಎಷ್ಟು ಸಾಲು ಪರೀಕ್ಷೆ ಬರೆದಿವೆ?

1996ರ ಜೂನ್ 4. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿರುವ ಕೌರು ಉಡ್ಡಯನ ಕೇಂದ್ರ. ನಮ್ಮ ಇನ್ಸಾಟ್ ಉಪಗ್ರಹಗಳಲ್ಲಿ ಹಲವು ಗಗನಕ್ಕೇರಿದ್ದು ಇಲ್ಲಿಂದಲೇ. ಅಂದು ಯೂರೋಪಿನ ಹೊಚ್ಚಹೊಸ ಏರಿಯಾನ್-5 ರಾಕೆಟ್ಟು ನಾಲ್ಕು ವಿಜ್ಞಾನ ಉಪಗ್ರಹಗಳನ್ನು ಹೊತ್ತು ಮೊದಲ ಬಾರಿಗೆ ಮೇಲೇರಿತು. ಸುಮಾರು 40 ಸೆಕೆಂಡು ಕಳೆಯುವಷ್ಟರಲ್ಲಿ, 3,700 ಮೀಟರ್ ಎತ್ತರದಲ್ಲಿ ದಾರಿ ತಪ್ಪಿ ಸಿಡಿದುಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ!

ಇಲ್ಲಿ ದೊಣ್ಣೆಯಾದದ್ದು ಬಿರುಗಾಳಿಯಲ್ಲ, ಎಂಜಿನ್ನಿನ ದೋಷವೂ ಅಲ್ಲ. ರಾಕೆಟ್ಟಿಗೆ ದಿಕ್ಕು ತಿಳಿಸುವ ಕಂಪ್ಯೂಟರಿನ ಪ್ರೋಗ್ರಾಮಿನಲ್ಲಿದ್ದ ಒಂದು ಪುಟ್ಟ ಲೆಕ್ಕ. ದೊಡ್ಡದೊಂದು ಸಂಖ್ಯೆಯನ್ನು 16 ಬಿಟ್‌ಗಳ ಸಣ್ಣ ಪಾತ್ರೆಗೆ ಸುರಿಯಲು ಹೋಗಿ ಅದು ತುಂಬಿ ಚೆಲ್ಲಿತು. 32,767ಕ್ಕಿಂತ ದೊಡ್ಡ ಸಂಖ್ಯೆ ಆ ಪಾತ್ರೆಯಲ್ಲಿ ಹಿಡಿಸುವುದಿಲ್ಲ. ಕಂಪ್ಯೂಟರ್ ಗಾಬರಿಯಾಗಿ ಕೈಚೆಲ್ಲಿತು. ಅದರ ಜೊತೆಗಿದ್ದ ಬದಲಿ ಕಂಪ್ಯೂಟರಿನಲ್ಲೂ ಅದೇ ಪ್ರೋಗ್ರಾಮು, ಹಾಗಾಗಿ ಅದೂ ಕೈಚೆಲ್ಲಿತು.

ಪ್ರೋಗ್ರಾಮನ್ನು ಯಾರೂ ಪರೀಕ್ಷಿಸಿರಲಿಲ್ಲವೇ? ಪರೀಕ್ಷಿಸಿದ್ದರು. ಆದರೆ ಪರೀಕ್ಷೆ ಎಂದರೆ ಎಷ್ಟು ಪರೀಕ್ಷೆ? ಅದನ್ನು ಅಳೆಯಲು ಒಂದು ಕೋಲು ಬೇಡವೇ? ಶಾಲೆ ಕಾಲೇಜುಗಳಲ್ಲಿ ಪ್ರೋಗ್ರಾಮ್ ಬರೆಯಲು ಕಲಿಯುತ್ತಿರುವ ಮಕ್ಕಳಿಗೆ ಈ ಪ್ರಶ್ನೆ ಮೊದಲ ದಿನದಿಂದಲೇ ಎದುರಾಗಬೇಕು. ಸಂತೋಷದ ಸಂಗತಿಯೆಂದರೆ, ಅಳತೆಗೋಲು ಇದೆ, ಅದು ಪುಕ್ಕಟೆಯಾಗಿ ಸಿಗುತ್ತದೆ, ಮನೆಯ ಸಾಧಾರಣ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತದೆ. ಅದರ ಹೆಸರು ಟೆಸ್ಟ್ ಕವರೇಜ್.

ಪ್ರಶ್ನೆಪತ್ರಿಕೆಯ ಹೋಲಿಕೆ

ಪುಸ್ತಕದಲ್ಲಿ ಹತ್ತು ಪಾಠಗಳಿವೆ ಎನ್ನೋಣ. ಪ್ರಶ್ನೆಪತ್ರಿಕೆಯಲ್ಲಿ ಆರು ಪಾಠಗಳಿಂದ ಮಾತ್ರ ಪ್ರಶ್ನೆಗಳು ಬಂದಿವೆ. ನಿಮ್ಮ ಮಗಳು ನೂರಕ್ಕೆ ನೂರು ತೆಗೆದಳು. ಸಂತೋಷವೇ. ಆದರೆ ಉಳಿದ ನಾಲ್ಕು ಪಾಠಗಳು ಅವಳಿಗೆ ಬರುತ್ತವೆಯೋ ಇಲ್ಲವೋ, ಈ ಅಂಕದಿಂದ ತಿಳಿಯುವುದಿಲ್ಲ.

ಪ್ರೋಗ್ರಾಮಿನ ಪಾಡೂ ಇದೇ. ಅದಕ್ಕೆ ನಾಲ್ಕಾರು ಮಾಹಿತಿ ಕೊಟ್ಟು ಓಡಿಸುತ್ತೇವೆ, ಸರಿಯುತ್ತರ ಬಂದರೆ ‘ಆಯಿತು’ ಎನ್ನುತ್ತೇವೆ. ಓಡಿದಾಗ ಅದರ ಎಷ್ಟು ಸಾಲುಗಳು ನಿಜವಾಗಿ ಕೆಲಸ ಮಾಡಿದವು, ಎಷ್ಟು ಸಾಲುಗಳು ಕೂತಲ್ಲೇ ಕೂತಿದ್ದವು ಎಂದು ಹೇಳುವುದೇ ಕವರೇಜ್. ಪರೀಕ್ಷೆ ಎಷ್ಟು ಪಾಠಗಳನ್ನು ಮುಟ್ಟಿತು ಎಂಬ ಲೆಕ್ಕ. ಈ ಯೋಚನೆ ಹೊಸದಲ್ಲ. ಜೋನ್ ಮಿಲ್ಲರ್ ಮತ್ತು ಕ್ಲಿಫರ್ಡ್ ಮಲೋನಿ ಎಂಬಿಬ್ಬರು 1963ರಷ್ಟು ಹಿಂದೆಯೇ ಈ ಬಗ್ಗೆ ಪ್ರಬಂಧ ಪ್ರಕಟಿಸಿದ್ದರು.

ಏಳು ಸಾಲಿನ ಪ್ರೋಗ್ರಾಮು

ಪೈಥಾನ್ ಭಾಷೆಯಲ್ಲಿ ಒಂದು ಚಿಕ್ಕ ಪ್ರೋಗ್ರಾಮ್ ಬರೆದಿದ್ದೇವೆ ಎಂದುಕೊಳ್ಳಿ. ಅದು ಅಂಕವನ್ನು ಕೇಳಿ ಪಾಸೋ ನಪಾಸೋ ಹೇಳುತ್ತದೆ. ಮೊದಲ ಸಾಲು ಅಂಕವನ್ನು ಓದುತ್ತದೆ. ಎರಡನೆಯದು, ಅಂಕ 100ಕ್ಕಿಂತ ಹೆಚ್ಚಿದೆಯೇ ಎಂದು ನೋಡುತ್ತದೆ. ಹೆಚ್ಚಿದ್ದರೆ ಮೂರನೆಯದು ‘ತಪ್ಪು ಅಂಕ’ ಎಂದು ಮುದ್ರಿಸುತ್ತದೆ. ನಾಲ್ಕನೆಯದು, ಅಂಕ 35ಕ್ಕಿಂತ ಹೆಚ್ಚಿದೆಯೇ ಎಂದು ನೋಡುತ್ತದೆ. ಹೆಚ್ಚಿದ್ದರೆ ಐದನೆಯದು ‘ಪಾಸು’ ಎನ್ನುತ್ತದೆ. ಆರನೆಯ ಸಾಲಿನಲ್ಲಿ ಬರಿಯ ‘ಇಲ್ಲದಿದ್ದರೆ’ ಎಂಬ ಮಾತು. ಏಳನೆಯದು ‘ನಪಾಸು’ ಎನ್ನುತ್ತದೆ.

ಈಗ ಕಮಾಂಡ್ ಲೈನ್ ತೆರೆಯಿರಿ. ತಂದೆತಾಯಂದಿರಿಗೆ ಡಾಸ್ ಕಾಲದ ಕಪ್ಪು ತೆರೆ ನೆನಪಿರಬಹುದು. ಮೌಸಿಗೆ ಇಲ್ಲಿ ಕೆಲಸವಿಲ್ಲ, ಹೇಳಬೇಕಾದದ್ದನ್ನು ಟೈಪ್ ಮಾಡಿ ಎಂಟರ್ ಒತ್ತಬೇಕು. ಪೈಥಾನಿಗೆ ‘ಕವರೇಜ್’ ಎಂಬ ಉಪಕರಣವಿದೆ. ಗ್ಯಾರೆತ್ ರೀಸ್ ಎಂಬವರು ಆರಂಭಿಸಿದ ಇದನ್ನು 2004ರಿಂದ ನೆಡ್ ಬ್ಯಾಚೆಲ್ಡರ್ ಬೆಳೆಸುತ್ತ ಬಂದಿದ್ದಾರೆ. ‘ಪಿಪ್ ಇನ್‌ಸ್ಟಾಲ್ ಕವರೇಜ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಅದು ಇಂಟರ್‌ನೆಟ್ಟಿನಿಂದ ಇಳಿದು ಕುಳಿತುಕೊಳ್ಳುತ್ತದೆ. ಆಮೇಲೆ ‘ಕವರೇಜ್ ರನ್’ ಎಂದು ಬರೆದು, ಮುಂದೆ ನಿಮ್ಮ ಪ್ರೋಗ್ರಾಮಿನ ಹೆಸರು ಕೊಡಿ. ಪ್ರೋಗ್ರಾಮು ಎಂದಿನಂತೆಯೇ ಓಡುತ್ತದೆ. 60 ಎಂಬ ಅಂಕ ಕೊಡಿ, ‘ಪಾಸು’ ಎನ್ನುತ್ತದೆ. ಈ ನಡುವೆ ಉಪಕರಣವು ಯಾವ ಸಾಲು ನಡೆಯುತ್ತಿದೆ ಎಂದು ಪೈಥಾನನ್ನು ಹೆಜ್ಜೆಹೆಜ್ಜೆಗೂ ಕೇಳಿ ಗುರುತು ಹಾಕಿಕೊಂಡಿರುತ್ತದೆ.

ಇನ್ನು ‘ಕವರೇಜ್ ರಿಪೋರ್ಟ್’ ಎಂದು ಬರೆದು, ಒಂದು ಅಡ್ಡಗೆರೆಯನ್ನೂ ಎಂ ಅಕ್ಷರವನ್ನೂ ಸೇರಿಸಿ. ಪ್ರಗತಿಪತ್ರ ತೆರೆಯ ಮೇಲೆ ಬರುತ್ತದೆ: ಒಟ್ಟು ಆಜ್ಞೆಗಳು 6, ತಪ್ಪಿಹೋದವು 2, ಕವರೇಜ್ ಶೇಕಡಾ 67, ಮುಟ್ಟದ ಸಾಲುಗಳು 3 ಮತ್ತು 7. ‘ಇಲ್ಲದಿದ್ದರೆ’ ಎಂಬ ಸಾಲು ತಾನಾಗಿ ಏನೂ ಮಾಡುವುದಿಲ್ಲವಾದ್ದರಿಂದ ಅದು ಲೆಕ್ಕಕ್ಕಿಲ್ಲ.

ಈ ಪ್ರಗತಿಪತ್ರದಲ್ಲಿ ಶೇಕಡಾವಾರಿಗಿಂತ ಬೆಲೆಯುಳ್ಳದ್ದು ಕೊನೆಯ ಕಲಮು. ಮೂರನೆಯ ಮತ್ತು ಏಳನೆಯ ಸಾಲುಗಳಿಗೆ ಪರೀಕ್ಷೆಯೇ ನಡೆದಿಲ್ಲ ಎಂದು ಅದು ಬೆರಳಿಟ್ಟು ತೋರಿಸುತ್ತದೆ. ಹಾಗಾದರೆ 20 ಅಂಕ ಕೊಟ್ಟು ಮತ್ತೆ ಓಡಿಸಿ. ಈ ಬಾರಿ ‘ರನ್’ ಎಂಬುದರ ಮುಂದೆ ಅಡ್ಡಗೆರೆ ಮತ್ತು ಎ ಅಕ್ಷರ ಇರಲಿ. ಇಲ್ಲದಿದ್ದರೆ ಹಿಂದಿನ ಲೆಕ್ಕ ಅಳಿಸಿಹೋಗುತ್ತದೆ. ಈಗ ಶೇಕಡಾ 83. ಇನ್ನೊಮ್ಮೆ 150 ಕೊಡಿ. ಶೇಕಡಾ 100!

ಸಿ ಭಾಷೆ ಕಲಿಯುವವರಿಗೆ

ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಸಿ ಭಾಷೆಯಿಂದ ಶುರುಮಾಡುತ್ತಾರೆ. ಲಿನಕ್ಸ್‌ನಲ್ಲಿ ಅವರು ಬಳಸುವ ಜಿಸಿಸಿ ಕಂಪೈಲರಿನ ಜೊತೆಯಲ್ಲೇ ಜಿಕವ್ ಎಂಬ ಉಪಕರಣ ಬರುತ್ತದೆ. ಕಂಪೈಲ್ ಮಾಡುವಾಗ ಎರಡು ಅಡ್ಡಗೆರೆಯೊಡನೆ ‘ಕವರೇಜ್’ ಎಂದು ಸೇರಿಸಿದರೆ ಸಾಕು. ಆಗ ಕಂಪೈಲರ್ ನಿಮ್ಮ ಪ್ರೋಗ್ರಾಮಿನೊಳಗೆ ಅಲ್ಲಲ್ಲಿ ಎಣಿಕೆಯ ಮಣಿಗಳನ್ನು ಕೂರಿಸಿಬಿಡುತ್ತದೆ. ಆ ದಾರಿಯಲ್ಲಿ ಹಾದಾಗಲೆಲ್ಲ ಎಣಿಕೆ ಒಂದು ಏರುತ್ತದೆ. ಪ್ರೋಗ್ರಾಮ್ ಓಡಿಸಿ, ಬಳಿಕ ಜಿಕವ್ ಎಂದು ಬರೆದು ಕಡತದ ಹೆಸರು ಕೊಟ್ಟರೆ ಹೊಸದೊಂದು ಕಡತ ಹುಟ್ಟುತ್ತದೆ. ಅದರಲ್ಲಿ ನಿಮ್ಮ ಪ್ರತಿ ಸಾಲಿನ ಎಡಬದಿಗೆ ಅದು ಎಷ್ಟು ಸಲ ನಡೆಯಿತು ಎಂಬ ಸಂಖ್ಯೆ ಇರುತ್ತದೆ. ಒಮ್ಮೆಯೂ ನಡೆಯದ ಸಾಲಿನ ಎದುರು ಐದು ಹ್ಯಾಷ್ ಗುರುತುಗಳು. ಇಲ್ಲಿ ಹಲವು ಓಟಗಳ ಲೆಕ್ಕ ತಾನಾಗಿಯೇ ಕೂಡುತ್ತ ಹೋಗುತ್ತದೆ.

ಇಂಥ ಪಟ್ಟಿಯ ಬೆಲೆ ಅರಿಯಲು 2014ರ ಫೆಬ್ರುವರಿಯ ಘಟನೆ ನೋಡಿ. ಆಪಲ್ ಕಂಪೆನಿ ಐಫೋನುಗಳಿಗೆ ತುರ್ತು ತಿದ್ದುಪಡಿ ಹೊರಡಿಸಿತು. ಬ್ಯಾಂಕಿನಂಥ ಸುರಕ್ಷಿತ ತಾಣಗಳ ಜೊತೆ ಮಾತಾಡುವಾಗ, ಅತ್ತ ಕಡೆ ಇರುವವರು ಅಸಲಿಯೋ ನಕಲಿಯೋ ಎಂದು ಸಹಿ ಪರಿಶೀಲಿಸುವ ಭಾಗ ಅದು. ಅಲ್ಲಿ ‘ಗೋಟು ಫೇಲ್’ ಎಂಬ ಒಂದೇ ಸಾಲು ಎರಡು ಸಲ ಬರೆಯಲ್ಪಟ್ಟಿತ್ತು. ಎರಡನೆಯದಕ್ಕೆ ಷರತ್ತಿನ ಕಡಿವಾಣವಿರಲಿಲ್ಲ. ಆದ್ದರಿಂದ ಪ್ರೋಗ್ರಾಮು ಪ್ರತಿ ಸಲವೂ ಅಲ್ಲಿಂದ ಹಾರಿಹೋಗುತ್ತಿತ್ತು. ಅದರ ಕೆಳಗಿದ್ದ ನಿಜವಾದ ಪರಿಶೀಲನೆ ನಡೆಯುತ್ತಲೇ ಇರಲಿಲ್ಲ, ನಕಲಿ ಸಹಿಯೂ ‘ಸರಿ’ ಎನಿಸಿಕೊಳ್ಳುತ್ತಿತ್ತು. ಕವರೇಜ್ ಪಟ್ಟಿಯನ್ನು ತೆಗೆದು ನೋಡಿದ್ದರೆ, ಸಹಿ ಪರಿಶೀಲಿಸುವ ಸಾಲುಗಳ ಎದುರು ಒಂದು ಸಲ ನಡೆದ ಎಣಿಕೆಯೂ ಇಲ್ಲವೆಂಬುದು ಕಣ್ಣಿಗೆ ಹೊಡೆಯುತ್ತಿತ್ತು.

ನೂರಕ್ಕೆ ನೂರು ಬಂದರೂ

ನಮ್ಮ ಏಳು ಸಾಲಿನ ಪ್ರೋಗ್ರಾಮಿಗೆ ಶೇಕಡಾ 100 ಬಂತಲ್ಲ, ಇನ್ನು ನಿಶ್ಚಿಂತೆಯೇ? ಸರಿಯಾಗಿ 35 ಅಂಕ ಕೊಟ್ಟು ನೋಡಿ. ‘ನಪಾಸು’ ಎನ್ನುತ್ತದೆ! ‘35 ಅಥವಾ ಅದಕ್ಕಿಂತ ಹೆಚ್ಚು’ ಎಂದಿರಬೇಕಾದಲ್ಲಿ ‘35ಕ್ಕಿಂತ ಹೆಚ್ಚು’ ಎಂದು ಬರೆದದ್ದರ ಫಲ. ಗಡಿಯ ಮೇಲೆ ನಿಂತ ಮಗುವಿನ ಒಂದು ವರ್ಷ ಇಷ್ಟು ಸಣ್ಣ ಚಿಹ್ನೆಯ ಮೇಲೆ ನಿಂತಿದೆ. ಎಲ್ಲ ಸಾಲುಗಳೂ ನಡೆದಿದ್ದವು, ಆದರೆ ಬೇಕಾದ ಸಂಖ್ಯೆಯೊಡನೆ ನಡೆದಿರಲಿಲ್ಲ. ಏರಿಯಾನ್-5ರ ಕಥೆಯೂ ಇದೇ. ಎಡವಿದ ಆ ಸಾಲು ಹಳೆಯ ಏರಿಯಾನ್-4ರಲ್ಲಿ ಹತ್ತಾರು ಬಾರಿ ಸುಸೂತ್ರವಾಗಿ ನಡೆದು ಬಂದದ್ದು. ಹೊಸ ರಾಕೆಟ್ಟಿನ ವೇಗ ಬೇರೆ, ದಾರಿ ಬೇರೆ. ಆ ದಾರಿಯ ಸಂಖ್ಯೆಗಳನ್ನು ಕೊಟ್ಟು ಆ ಉಪಕರಣವನ್ನು ಉಡ್ಡಯನಕ್ಕೆ ಮುನ್ನ ಪರೀಕ್ಷಿಸಿರಲಿಲ್ಲ ಎಂದು ತನಿಖಾ ಮಂಡಳಿ ಅದೇ ಜುಲೈಯಲ್ಲಿ ವರದಿ ಕೊಟ್ಟಿತು.

ಎರಡನೆಯ ಮಿತಿ ಕವಲುಗಳದ್ದು. ‘ಕ್ರೀಡಾಪಟುವಾದರೆ ಕೃಪಾಂಕ 5’ ಎಂದು ಬರೆದು, ಮುಂದಿನ ಸಾಲಿನಲ್ಲಿ ಅಂಕಕ್ಕೆ ಕೃಪಾಂಕ ಕೂಡಿಸಿದ್ದೀರಿ. ಕ್ರೀಡಾಪಟು ಒಬ್ಬನನ್ನೇ ಇಟ್ಟು ಪರೀಕ್ಷಿಸಿದರೂ ಎಲ್ಲ ಸಾಲು ನಡೆದು ಶೇಕಡಾ 100 ಬರುತ್ತದೆ. ಕ್ರೀಡಾಪಟುವಲ್ಲದವನು ಬಂದಾಗ ಕೃಪಾಂಕಕ್ಕೆ ಬೆಲೆಯೇ ಇರುವುದಿಲ್ಲ, ಪ್ರೋಗ್ರಾಮ್ ಮುಗ್ಗರಿಸುತ್ತದೆ. ‘ಕವರೇಜ್ ರನ್’ ಎಂಬುದಕ್ಕೆ ಎರಡು ಅಡ್ಡಗೆರೆಯೊಡನೆ ‘ಬ್ರಾಂಚ್’ ಎಂದು ಸೇರಿಸಿದರೆ, ಹೌದು ಮತ್ತು ಅಲ್ಲ ಎಂಬ ಎರಡೂ ದಾರಿಗಳನ್ನು ತುಳಿದಿದ್ದೇವೆಯೇ ಎಂದು ಅದು ನೋಡಿ ಹೇಳುತ್ತದೆ.

ಮೂರನೆಯದು, ಬರೆಯದೇ ಬಿಟ್ಟ ಸಾಲನ್ನು ಯಾವ ಉಪಕರಣವೂ ಎಣಿಸಲಾರದು. ಸೊನ್ನೆಗಿಂತ ಕಡಿಮೆ ಅಂಕ ಬಂದರೆ? ವಿದ್ಯಾರ್ಥಿ ಗೈರುಹಾಜರಾಗಿದ್ದರೆ? ನಮ್ಮ ಪ್ರೋಗ್ರಾಮಿನಲ್ಲಿ ಇದಕ್ಕೆ ಸಾಲೇ ಇಲ್ಲ. ನಾಲ್ಕನೆಯದು, ಸಾಲು ನಡೆಯಿತು ಎಂದಷ್ಟೇ ಕವರೇಜ್ ಹೇಳುತ್ತದೆ. ಬಂದ ಉತ್ತರ ಸರಿಯೇ ಎಂದು ನೋಡುವ ಕೆಲಸ ಪರೀಕ್ಷೆ ಬರೆದವರದು. ಪರೀಕ್ಷೆಗಳು ತಪ್ಪು ಇದೆ ಎಂದು ತೋರಿಸಬಲ್ಲವು, ತಪ್ಪೇ ಇಲ್ಲ ಎಂದು ಸಾಧಿಸಲಾರವು ಎಂದು ಡಚ್ ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಎಚ್ಚರಿಸಿ ಅರ್ಧ ಶತಮಾನವೇ ದಾಟಿದೆ.

ವಿಮಾನದಲ್ಲೂ, ಮೊಬೈಲಿನಲ್ಲೂ

ಜೀವದ ಪ್ರಶ್ನೆ ಬಂದಾಗ ಈ ಅಳತೆ ಕಡ್ಡಾಯವಾಗುತ್ತದೆ. ವಿಮಾನದ ತಂತ್ರಾಂಶಕ್ಕೆ ಡಿಒ-178 ಎಂಬ ಮಾನದಂಡವಿದೆ. 1992ರ ಬಿ ಆವೃತ್ತಿಯ ನಂತರ 2011ರಲ್ಲಿ ಸಿ ಆವೃತ್ತಿ ಬಂತು. ತಂತ್ರಾಂಶ ಕೆಟ್ಟರೆ ಆಗುವ ಹಾನಿಯನ್ನು ನೋಡಿ ದರ್ಜೆ ಗೊತ್ತುಮಾಡುತ್ತಾರೆ. ಸಿ ದರ್ಜೆಗೆ ಎಲ್ಲ ಆಜ್ಞೆಗಳೂ ನಡೆದಿರಬೇಕು, ಬಿ ದರ್ಜೆಗೆ ಕವಲುಗಳೂ ಸೇರಬೇಕು. ವಿಮಾನವೇ ಉರುಳಬಹುದಾದ ಎ ದರ್ಜೆಗೆ ಇನ್ನೂ ಬಿಗಿ. ‘ಚಕ್ರ ನೆಲ ಮುಟ್ಟಿದೆ ಮತ್ತು ವೇಗ ಇಳಿದಿದೆ’ ಎಂಬಂಥ ಜೋಡಿ ಷರತ್ತಿದ್ದರೆ, ಒಂದೊಂದು ಭಾಗವೂ ತಾನೊಂದೇ ಬದಲಾದಾಗ ತೀರ್ಮಾನವನ್ನು ಬದಲಿಸುತ್ತದೆ ಎಂದು ತೋರಿಸಬೇಕು. ವೈಮಾನಿಕ ಕಂಪೆನಿಗಳಿರುವ ಬೆಂಗಳೂರಿನಲ್ಲಿ ಇದೇ ಕೆಲಸವನ್ನು ವೃತ್ತಿಯಾಗಿ ಮಾಡುವ ಎಂಜಿನಿಯರುಗಳಿದ್ದಾರೆ.

ನಿಮ್ಮ ಕೈಯ ಮೊಬೈಲಿನಲ್ಲಿ ಮಾಹಿತಿಯನ್ನು ಜೋಡಿಸಿಡುವ ಎಸ್‌ಕ್ಯೂಲೈಟ್ ಎಂಬ ಪುಕ್ಕಟೆ ತಂತ್ರಾಂಶದ ಕರ್ತೃಗಳೂ ಈ ಎ ದರ್ಜೆಯ ಅಳತೆಯಲ್ಲಿ ಶೇಕಡಾ 100 ಸಾಧಿಸಿದ್ದಾರೆ. ಅಳೆಯಲು ಅವರು ಬಳಸುವುದು ಅದೇ ಜಿಕವ್. ಆಮೇಲೂ ಅಪರೂಪಕ್ಕೆ ತಪ್ಪುಗಳು ಸಿಕ್ಕಿವೆ, ಅವರು ತಿದ್ದಿದ್ದಾರೆ.

ಆದ್ದರಿಂದ ವಿದ್ಯಾರ್ಥಿಗಳೇ, ಮುಂದಿನ ಸಲ ಲ್ಯಾಬಿನಲ್ಲಿ ‘ಔಟ್‌ಪುಟ್ ಬಂತು’ ಎಂದು ಏಳುವ ಮುನ್ನ ಎರಡು ಆಜ್ಞೆ ಹೆಚ್ಚಾಗಿ ಟೈಪ್ ಮಾಡಿ. ಮುಟ್ಟದ ಸಾಲುಗಳ ಪಟ್ಟಿಯನ್ನು ಓದಿ, ಒಂದೊಂದಕ್ಕೂ ಒಂದು ಪರೀಕ್ಷೆ ಬರೆಯಿರಿ. ಗಡಿಯ ಸಂಖ್ಯೆಗಳನ್ನು, ಅಂದರೆ 34, 35, 36, 100, 101 ಇಂಥವನ್ನು ಮರೆಯದೆ ಕೊಡಿ. ತಂದೆತಾಯಂದಿರೇ, ಮಗ ಶೇಕಡಾ 100 ಎಂದು ಹಿಗ್ಗಿ ಬಂದರೆ ಬೆನ್ನು ತಟ್ಟಿ. ತಟ್ಟಿದ ಮೇಲೆ, ‘35 ಕೊಟ್ಟರೆ ಏನು ಹೇಳುತ್ತದೆ ನೋಡೋಣ’ ಎಂದು ಕೇಳಿ. ಅದನ್ನು ಕೇಳಲು ಕಂಪ್ಯೂಟರ್ ಕಲಿತಿರಬೇಕೆಂದೇನೂ ಇಲ್ಲ.